ಎರಡನೇ ಯೂನಿಟ್ಟಿನ ಲಿಂಕ್

ಹಯವದನ ರಾಯರು ಕನ್ನಡದಲ್ಲಿ ಬಾಯಿ ತೆರೆದರೆಂದರೆ ಅಲ್ಲೊಂದು ಕಿತಾಪತಿ ಇದೆ ಎಂದೇ ತಿಳಿಯಬೇಕು. ಉಳಿದ ಹೊತ್ತೆಲ್ಲ ಅವರದು ಇಂಗ್ಲಿಷು, ಕೆಳಗಿನವರ ಹತ್ತಿರ ಹಿಂದಿ. ಸೂರತ್ತಿನ ಹತ್ತಿರ ಹಜೀರಾದ ನಮ್ಮ ಕಾರ್ಖಾನೆಯ ಕರೆಂಟಿನ ವಿಭಾಗಕ್ಕೆಲ್ಲ ಅವರೇ ದೊರೆ. ನಮ್ಮವರು, ಅಂದರೆ ನನ್ನ ಗಂಡ ಹರಿಪ್ರಸಾದ, ಅವರ ಕೈಕೆಳಗೆ ಇಂಜಿನಿಯರು. ಇಡೀ ಪ್ಲಾಂಟಿನಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಹಾಗಾಗಿ ಹತ್ತು ಜನರ ಎದುರಿಗೆ, ಆ ಹತ್ತು ಜನರಿಗೆ ತಿಳಿಯಬಾರದ್ದನ್ನು ಹೇಳಬೇಕೆಂದಾಗ ಮಾತ್ರ ರಾಯರಿಗೆ ಧಾರವಾಡದ ನೆನಪಾಗುತ್ತಿತ್ತು. "ಹರಿ, ಈ ಮಗಾ ಎಳದಿರೋ ಕೇಬಲ್ ಒಂದೂ ನೆಟ್ಟಗಿಲ್ಲ, ಇವನ ಬಿಲ್ ತಡದು ಹಾಕು," ಎಂದು ಗುತ್ತಿಗೆದಾರನ ಮುಖ ನೋಡುತ್ತ, ಹರಸುವವರ ಹಾಗೆ ನಕ್ಕು ಹೇಳುವರು. ಗುತ್ತಿಗೆದಾರನೂ ಹಲ್ಲು ಕಿರಿಯುವನು. ನಮ್ಮವರು ಮನೆಗೆ ಬಂದು ಊಟಕ್ಕೆ ಕೂತು ಇದನ್ನು ಹೇಳಿ ಹೇಳಿ ನಗುತ್ತಿದ್ದರು. "ಏನ್ ತಲೀ ಅಂತೀ ರಾಯರ್ದು!" ತಲೆಯಂತೆ ತಲೆ! ಸುಡುಗಾಡು.

ಹುಬ್ಬಳ್ಳಿಯಲ್ಲಿ ನಮ್ಮವರು ದುಡಿಯುತ್ತಿದ್ದ ಮಿಲ್ಲು ಬಾಗಿಲು ಹಾಕಿತ್ತು. ಮಾವನವರ ಮನೆಯ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದವರನ್ನು ಇಲ್ಲಿಗೆ ಕರೆಸಿಕೊಂಡವರು ರಾಯರು. ಅದನ್ನು ಅವರೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯೆಂದರೆ ಅಡಿಗೆಗೆ ನಾನು, ಎಲೆ ಹಾಕಲಿಕ್ಕೆ ನಮ್ಮವರು. ರಾಯರ ಹೆಂಡತಿ ಊರ್ಮಿಳಾ ವೈನಿ ಸೋಫಾದ ಮೇಲೆ ಕೂತಲ್ಲಿಂದಲೇ, "ಜಯಂತಿ, ಹೂರಣ ಇನ್ನೂ ನುಣ್ಣಗ ಆಗಬೇಕಿತ್ತಲ್ಲ?" ಎನ್ನುವರು. ಬಂದವರಿಗೆಲ್ಲ, "ಪಾಪ, ಮಕ್ಕಳಿಲ್ಲ ಆಕಿಗೆ. ಕೆಲಸ ಮಾಡ್ಕೋತ ಹೊತ್ತು ಕಳೀತಾಳ," ಎಂದು ನನ್ನ ಪರಿಚಯ ಮಾಡಿಕೊಡುವರು. ನಾನು ಏನಾದರೂ ಅನ್ನಲು ಬಾಯಿ ತೆರೆದರೆ ನಮ್ಮವರು ಆಚೆಯಿಂದ ಕಣ್ಣು ಬಿಡುವರು. ಆ ಕಣ್ಣಿಗೆ ಹೆದರಿ ಎಷ್ಟು ಮಾತು ನುಂಗಿದ್ದೇನೋ ನನಗೇ ಗೊತ್ತು.

ಈ ಕರೆಂಟಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬೇಡಿ. ಮದುವೆಯಾದಾಗಿನಿಂದ ಅನ್ನದ ಜೊತೆ ನಾನು ಉಂಡಿದ್ದು ಇದನ್ನೇ. ಕಾರ್ಖಾನೆಗೆ ಸ್ವಂತ ಕರೆಂಟು ಬೇಕೆಂದು ಗ್ಯಾಸಿನಿಂದ ತಿರುಗುವ ದೊಡ್ಡ ಜನರೇಟರುಗಳನ್ನು ಕೂರಿಸಿದ್ದರು. ಜನರೇಟರು ಹುಟ್ಟಿಸುವ ಕರೆಂಟಿನ ವೋಲ್ಟೇಜು ಕಡಿಮೆ. ಹೊರಗೆ ಅಂಗಳದಲ್ಲಿ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ನಿಂತು, ಅದನ್ನು ಏರಿಸಿ ಲೈನಿಗೆ ಕೊಡುತ್ತದೆ. ಜನರೇಟರಿಗೆ ವೋಲ್ಟೇಜ್ ರೆಗ್ಯುಲೇಟರ್ ಅಂತ ಒಂದು ಪೆಟ್ಟಿಗೆ. ಅದಕ್ಕೆ ಗೊತ್ತಿರುವುದು ಒಂದೇ ಹಟ, ವೋಲ್ಟೇಜು ಇಳಿಯಕೂಡದು. ನಮ್ಮ ಅತ್ತೆಯ ಥರ. ಡಬ್ಬಿಯಲ್ಲಿ ಬೆಲ್ಲ ಇರಲಿ ಬಿಡಲಿ, ಬಂದವರಿಗೆ ಪಾಯಸ ಆಗಲೇಬೇಕು. ಜನರೇಟರಿನ ವೇಗ ಕುಸಿದರೂ ಅದು ಹಟ ಬಿಡದೆ ಒಳಗಿನ ಅಯಸ್ಕಾಂತಕ್ಕೆ ಇನ್ನಷ್ಟು, ಮತ್ತಷ್ಟು ಕರೆಂಟು ತುರುಕುತ್ತದೆ. ಆಗ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗಿನ ಕಬ್ಬಿಣ ತಡೆಯಲಾರದೆ ಕಾಯುತ್ತದೆ. ಹಾಗಾಗದಿರಲೆಂದೇ ಕಾವಲಿಗೆ ಓವರ್‌ಫ್ಲಕ್ಸ್ ರಿಲೇ ಅಂತ ಒಂದನ್ನು ಇಟ್ಟಿರುತ್ತಾರೆ. ವೇಗಕ್ಕೆ ಮೀರಿ ವೋಲ್ಟೇಜು ನಿಂತಿತೆಂದರೆ ಅದು ಎಲ್ಲವನ್ನೂ ಬಂದ್ ಮಾಡಿಸಿಬಿಡುತ್ತದೆ. ಆದರೆ ರಿಲೇಯಿಂದ ಹೊರಡುವ ತಂತಿಯ ದಾರಿಯಲ್ಲಿ ಬೆರಳುದ್ದದ ಒಂದು ಲೋಹದ ಪಟ್ಟಿ ಇರುತ್ತದೆ. ಅದೇ ಲಿಂಕ್. ಅದನ್ನು ಸರಿಸಿಬಿಟ್ಟರೆ ರಿಲೇ ಎಷ್ಟು ಬಾಯಿ ಬಡಿದುಕೊಂಡರೂ ಏನೂ ನಿಲ್ಲುವುದಿಲ್ಲ. ಯಾವ ಲಿಂಕ್ ತೆಗೆಯಬೇಕಾದರೂ ಮೇಲಿನವರು ಬರೆದು ಸಹಿ ಮಾಡಿ ಕೊಡಬೇಕು ಎಂಬುದು ಅಲ್ಲಿಯ ನಿಯಮ.

ಪ್ಲೇಗು ಬಂದು ಅರ್ಧ ಸೂರತ್ತು ಊರು ಬಿಟ್ಟು ಓಡಿತ್ತಲ್ಲ, ಅದರ ಮರುವರ್ಷ. ಎರಡನೇ ಯೂನಿಟ್ಟು ಶುರು ಮಾಡುವ ದಿನ ಬಂತು. ವಡೋದರಾದ ಹೆಡ್ ಆಫೀಸಿನಿಂದ ಡೈರೆಕ್ಟರು ಬಂದಿದ್ದರು. ಕಂಟ್ರೋಲ್ ರೂಮಿನ ಬಾಗಿಲಿಗೆ ಆಸೋಪಾಲವದ ಎಲೆಯ ತೋರಣ, ಪ್ಯಾನೆಲ್ಲಿಗೆ ಕುಂಕುಮ, ತಟ್ಟೆಯಲ್ಲಿ ಪೇಡೆ, ತೆಂಗಿನಕಾಯಿ. ಮಧ್ಯಾಹ್ನದೊಳಗೆ ಒಳ್ಳೆಯ ಘಳಿಗೆ ಮುಗಿಯುತ್ತದೆಂದು ಅಹಮದಾಬಾದಿನ ಯಾರೋ ಜೋಯಿಸರು ಹೇಳಿದ್ದರಂತೆ. ಆದರೆ ಅಂದು ಗ್ಯಾಸಿನ ಒತ್ತಡವೇ ನೆಟ್ಟಗಿರಲಿಲ್ಲ. ಯಂತ್ರದ ವೇಗ ಏರುವುದು, ಇಳಿಯುವುದು. ಇಳಿದಾಗಲೆಲ್ಲ ರಿಲೇ ತನ್ನ ಕೆಲಸ ತಾನು ಮಾಡಿ ನಿಲ್ಲಿಸಿಬಿಡುವುದು. ಡೈರೆಕ್ಟರು ಗಡಿಯಾರ ನೋಡತೊಡಗಿದರು.

ಇದೆಲ್ಲ ನನಗೆ ಗೊತ್ತಾದದ್ದು ನಮ್ಮವರು ಊಟಕ್ಕೆ ಬಂದಾಗ. ಮುಖ ಬಾಡಿತ್ತು.

"ಲಿಂಕ್ ತಗದು ಬಂದೀನಿ," ಎಂದರು.

"ಯಾರು ತಗೀ ಅಂದ್ರು?"

"ಮತ್ತ್ಯಾರು, ರಾಯರು! ಡೈರೆಕ್ಟರ್ ಪಕ್ಕದಾಗ ನಿಂತಿದ್ರು. ಆಪರೇಟರ್ ಠಾಕೋರಭಾಯಿ ನಿಂತಿದ್ದ, ಎಲ್ಲಾರೂ ನಿಂತಿದ್ರು. ರಾಯರು ನಕ್ಕೋತ ಬಂದು, 'ಹರಿ, ಆ ಓವರ್‌ಫ್ಲಕ್ಸಿನ ಲಿಂಕ್ ತಗದ್ಬಿಡು. ಮುಹೂರ್ತ ತಪ್ಪಿತಂದ್ರ ಇವರು ನನ್ನ ಮಾರಿ ನೋಡಂಗಿಲ್ಲ' ಅಂದ್ರು. ತಗದೆ. ಆಮ್ಯಾಲ ಸುಸೂತ್ರ ಲೈನಿಗೆ ಕೂಡಿತು. ಎಲ್ಲಾರೂ ಚಪ್ಪಾಳಿ ಹೊಡದ್ರು."

"ಬರದು ಕೊಟ್ಟಾರೇನು?"

"ಬರದು ಕೊಡ್ರಿ ಅಂತ ರಾಯರಿಗೆ ಕೇಳಲ್ಯಾ? ಏನ್ ಮಾತಾಡ್ತೀ ನೀ!"

"ಮತ್ತ ಈಗರ ತಿರುಗಿ ಹಾಕಿ ಬರಬೇಕಿತ್ತಲ್ರೀ?"

"ಸಾಹೇಬ್ರ ಊಟಾ ಮುಗದು ಕಾರ್ ಹತ್ತೂತನ ಮುಟ್ಟಬ್ಯಾಡ ಅಂದಾರ. ಗ್ಯಾಸ್ ಇನ್ನೂ ಕುಣೀಲಿಕತ್ತದ, ನಡುವ ನಿಂತ್ರ ಮರ್ಯಾದಿ ಹೋಗ್ತದ ಅಂತ. ಸಾರು ಹಾಕು."

ನಾನು ಸಾರು ಹಾಕಿದೆ. ಅವರು ಕಲಸಿದರು. ಮೊದಲ ತುತ್ತು ಬಾಯಿಗೆ ಹೋಗಿತ್ತೋ ಇಲ್ಲವೋ, ಪ್ಲಾಂಟಿನ ಕಡೆಯಿಂದ ಢಮ್ಮೆಂದು ಶಬ್ದ ಬಂತು. ಕಿಟಕಿಯ ಗಾಜುಗಳು ಗಡಗಡ ನಡುಗಿದವು. ಶೆಲ್ಫಿನ ಮೇಲಿದ್ದ ಸ್ಟೀಲಿನ ಡಬ್ಬಿ ನೆಲಕ್ಕೆ ಬಿತ್ತು. ನಮ್ಮವರು ಎಂಜಲು ಕೈಯಲ್ಲೇ ಎದ್ದು ಓಡಿದರು. ಕೈ ತೊಳೀರಿ ಎಂದು ನಾನು ಕೂಗಿದ್ದು ನೆನಪಿದೆ. ಆ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು ಅದು, ಏನು ಮಾಡಲಿ.

ಆದದ್ದು ಇಷ್ಟೇ. ಗ್ಯಾಸಿನ ಒತ್ತಡ ಮತ್ತೆ ಬಿದ್ದು ಯಂತ್ರ ಲೈನಿನಿಂದ ಕಳಚಿಕೊಂಡಿದೆ, ವೇಗ ಇಳಿಯುತ್ತ ಬಂದಿದೆ. ರೆಗ್ಯುಲೇಟರು ಮಾತ್ರ ಹಟ ಹಿಡಿದು ತುರುಕುತ್ತಲೇ ಇದೆ. ರಿಲೇ ಕಂಡುಹಿಡಿದಿದೆ, ಕೆಂಪು ದೀಪ ಹತ್ತಿಸಿದೆ, ಗಂಟೆ ಬಾರಿಸಿದೆ. ಲಿಂಕ್ ಇಲ್ಲದ್ದರಿಂದ ಏನೂ ನಿಂತಿಲ್ಲ. ಎಲ್ಲರೂ ಡೈರೆಕ್ಟರ ಊಟದ ಪೆಂಡಾಲಿನಲ್ಲಿ. ಕಂಟ್ರೋಲ್ ರೂಮಿನಲ್ಲಿದ್ದ ಠಾಕೋರಭಾಯಿಗೆ, ಗಂಟೆ ಬಾರಿಸಿದ ಮೇಲೆ ಯಂತ್ರ ತಾನೇ ಯಾಕೆ ನಿಲ್ಲುತ್ತಿಲ್ಲ ಎಂಬುದೇ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಟ್ರಾನ್ಸ್‌ಫಾರ್ಮರ್ ಕಾದು, ಒಳಗೆ ಸುಟ್ಟು, ಮೇಲಿನ ಪಿಂಗಾಣಿ ಸಿಡಿದು, ಎಣ್ಣೆಗೆ ಬೆಂಕಿ ಹತ್ತಿತು. ತಾನಾಗಿ ಚಿಮ್ಮಬೇಕಿದ್ದ ನೀರೂ ಚಿಮ್ಮಲಿಲ್ಲ. ನಮ್ಮವರು ಹೋದವರೇ ನೀರಿನ ವಾಲ್ವಿನ ಚಕ್ರಕ್ಕೆ ಕೈ ಹಾಕಿದರು. ಚಕ್ರದ ಮೇಲೆ ಎಣ್ಣೆ ಉರಿಯುತ್ತಿತ್ತಂತೆ. ಅದನ್ನು ಪೂರ್ತಿ ತಿರುಗಿಸಿ, ನೀರು ಬಂದ ಮೇಲೆಯೇ ಕೈ ಬಿಟ್ಟರಂತೆ. ಕೈಯಲ್ಲಿ ಬಿಡುವುದಕ್ಕೆ ಏನು ಉಳಿದಿತ್ತೋ ದೇವರಿಗೇ ಗೊತ್ತು.

ಸೂರತ್ತಿನ ಆಸ್ಪತ್ರೆಯಲ್ಲಿ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ತೊಡೆಯ ಚರ್ಮ ತೆಗೆದು ಹಚ್ಚಿದರು. ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ, ಇನ್ನೊಂದು ದೊಡ್ಡ ಆಪರೇಷನ್ ಆಗಬೇಕು, ಅದಾದರೆ ಪೆನ್ನು ಹಿಡಿಯಬಹುದು, ತುತ್ತು ಎತ್ತಬಹುದು, ತಡವಾದರೆ ಜೀವಮಾನವೆಲ್ಲ ಹೀಗೇ ಎಂದರು ಡಾಕ್ಟರು. ಆ ಆಪರೇಷನ್ ಬೊಂಬಾಯಿಯಲ್ಲಿ ಆಗಬೇಕು, ಕಂಪನಿ ಮಾಡಿಸಬೇಕು. ನಮ್ಮ ಕೈಲಾಗುವ ಮಾತಲ್ಲ. ನಾನು ಉಣ್ಣಿಸುತ್ತಿದ್ದೆ, ತೊಳೆಯುತ್ತಿದ್ದೆ, ಮೂಗು ತುರಿಸಿದರೆ ಮೂಗು ಕೆರೆಯುತ್ತಿದ್ದೆ. ನರ್ಸುಗಳ ಜೊತೆ, ಆಯಾಗಳ ಜೊತೆ, ಔಷಧಿಯಂಗಡಿಯವನ ಜೊತೆ ದಿನವೆಲ್ಲ ಗುಜರಾತಿಯಲ್ಲೇ ಬಡಿದಾಡಿದೆ. ನಮ್ಮ ಗಂಡಸರಿಗೆ ಇಂಗ್ಲಿಷು ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ಹೆಂಗಸರು ಬದುಕಬೇಕಾದರೆ ಊರಿನ ಮಾತು ಕಲಿಯಲೇಬೇಕು. ನನ್ನ ಬಾಯಲ್ಲಿ ಗುಜರಾತಿ ನೀರು ಹರಿದ ಹಾಗೆ ಹರಿಯುತ್ತಿತ್ತು.

ರಾಯರು ಸೇಬು ಹಿಡಿದುಕೊಂಡು ಬಂದರು. ಡಾಕ್ಟರ ಎದುರಿಗೆ ಇಂಗ್ಲಿಷಿನಲ್ಲಿ, ನಮ್ಮ ಹೀರೋ ಎಂದರು. ಆಮೇಲೆ ಕನ್ನಡದಲ್ಲಿ, "ಯಾರ ಮುಂದೂ ಏನೂ ಬಾಯಿ ಬಿಡಬ್ಯಾಡ. ನಾ ಎಲ್ಲಾ ನೋಡ್ಕೋತೀನಿ," ಎಂದರು. ನಮ್ಮವರು ಹೂಂಗುಟ್ಟಿದರು. ಹೇಗೆ ನೋಡಿಕೊಂಡರೆಂಬುದು ಠಾಕೋರಭಾಯಿ ನೋಡಲಿಕ್ಕೆ ಬಂದ ದಿನ ತಿಳಿಯಿತು. ಅವನು ಒಳಗೆ ಬರದೆ ನನ್ನನ್ನು ವರಾಂಡಕ್ಕೆ ಕರೆದು ಗುಜರಾತಿಯಲ್ಲಿ ಹೇಳಿದ.

"ಭಾಭಿ, ಹರಿಭಾಯಿ ಯಾರನ್ನೂ ಕೇಳದೆ ಲಿಂಕ್ ತೆಗೆದ ಅಂತ ರಾವ್ ಸಾಹೇಬರು ಎಲ್ಲರ ಹತ್ತಿರ ಹೇಳುತ್ತಿದ್ದಾರೆ. ವಡೋದರಾದಲ್ಲಿ ಕಮಿಟಿ ಕೂರುತ್ತದೆ."

"ನೀನು ಅಲ್ಲೇ ಇದ್ದೆಯಲ್ಲ ಭಾಯಿ! ಅವರು ತೆಗೆ ಅಂದದ್ದು ಕೇಳಲಿಲ್ಲವೇ?"

"ಕೇಳಿದೆ. ನಿಮ್ಮ ಮದ್ರಾಸಿಯಲ್ಲಿ ಏನೋ ಅಂದರು. ಆಮೇಲೆ ಹರಿಭಾಯಿ ಪ್ಯಾನೆಲ್ಲಿನ ಹತ್ತಿರ ಹೋದರು. ಏನಂದರು ಅಂತ ನಾನು ಹೇಗೆ ಹೇಳಲಿ? ತಿಳಿಯದ್ದನ್ನು ತಿಳಿಯಿತು ಅನ್ನಲೇ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ಕಣ್ಣೀರು ತೆಗೆದುಕೊಂಡು ನಾನೇನು ಮಾಡಲಿ? ಅಷ್ಟೊಂದು ಕಿವಿಗಳು ಕೇಳಿದ್ದವು, ಒಂದಾದರೂ ಉಪಯೋಗಕ್ಕೆ ಬರಲಿಲ್ಲ.

ಒಳಗೆ ಬಂದು ನಮ್ಮವರಿಗೆ ಹೇಳಿದೆ. ನಂಬಲೇ ಇಲ್ಲ. ರಾಯರು ಹಂಗ ಮಾಡೂ ಮನಿಷಾ ಅಲ್ಲ ಅಂದರು. ನನಗೆ ಎಂಥ ಸಿಟ್ಟು ಬಂತೆಂದರೆ, ಹಿಡಿದ ತುತ್ತನ್ನು ತಟ್ಟೆಗೆ ಎಸೆದು ಎದ್ದುಬಿಟ್ಟೆ. ವಾರ ಕಳೆಯುವುದರೊಳಗೆ ಕಮಿಟಿಯ ನೋಟೀಸು ಕೈಗೆ ಬಂತು. ಅದರಲ್ಲಿ ಅಪರಾಧ ಯಾರದೆಂದು ಅಚ್ಚು ಹಾಕಿಯೇ ಇತ್ತು. ಅದನ್ನು ನಾನೇ ಓದಿ ಹೇಳಬೇಕಾಯಿತು. ಆಗ ಅವರಿಗೆ ಬೆವರಿಳಿಯಿತು. "ಹೇಳ್ತೀನಿ ಜಯಂತಿ, ನಿನ್ನಾಣಿ. ಇದ್ದದ್ದು ಇದ್ಹಾಂಗ ಹೇಳ್ತೀನಿ," ಎಂದರು. ಹೇಳದಿದ್ದರೆ ನೌಕರಿ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಕೈ ಹೋಗುತ್ತದೆ. ಇದನ್ನು ನಾನು ಅವರಿಗೆ ಮಗುವಿಗೆ ಹೇಳಿದ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದೆ.

ವಡೋದರಾದ ಅಲ್ಕಾಪುರಿಯಲ್ಲಿ ಹೆಡ್ ಆಫೀಸು. ನಮ್ಮವರಿಗೆ ಕಾಗದ ತಿರುವಲಿಕ್ಕೆ ಬರುವುದಿಲ್ಲ, ನೀರು ಕುಡಿಯಲಿಕ್ಕೆ ಬರುವುದಿಲ್ಲ ಅಂತ ನನ್ನನ್ನೂ ಒಳಗೆ ಬಿಟ್ಟರು. ಪಕ್ಕದಲ್ಲೊಂದು ಸ್ಟೂಲು ಹಾಕಿದರು. ಮೇಜಿನಾಚೆ ಮೂವರು. ನಡುವಿನವರು ಮಜ್ಮುದಾರ್ ಸಾಹೇಬರು, ಬಿಳಿ ಕೂದಲು, ಸಣ್ಣ ದನಿ. ಈಚೆ ಕಡೆ ರಾಯರು, ಇಸ್ತ್ರಿ ಮಾಡಿದ ಸಫಾರಿಯಲ್ಲಿ.

ಮೊದಲು ಠಾಕೋರಭಾಯಿಯನ್ನು ಕರೆದರು. ಇಬ್ಬರೂ ಮಾತಾಡಿದ್ದು ನೋಡಿದೆ, ಆಮೇಲೆ ಹರಿಭಾಯಿ ಪ್ಯಾನೆಲ್ಲಿನ ಹತ್ತಿರ ಹೋದದ್ದು ನೋಡಿದೆ ಎಂದ. ಏನು ಮಾತಾಡಿದರು ಎಂದರೆ, "ಮದ್ರಾಸಿ ಮಾತು ಸಾಹೇಬ್," ಎಂದ. ಮೇಜಿನಾಚೆ ಯಾರೋ ನಕ್ಕರು. ರಾಯರೂ ನಕ್ಕರು. "ನಾವಿಬ್ಬರೂ ಒಂದೇ ಜಿಲ್ಲೆಯವರು ಸರ್. ಬೆಳಿಗ್ಗೆ ಏನಾದರೂ ತಿಂದು ಬಂದಿದ್ದೀಯೋ ಇಲ್ಲವೋ ಅಂತ ಕೇಳಿದೆ. ಮನೆಯ ಹುಡುಗ ಅಲ್ಲವೇ," ಎಂದು ಇಂಗ್ಲಿಷಿನಲ್ಲಿ ಅಂದರು. ಹಸಿ ಹಸಿ ಸುಳ್ಳು. ಇರಲಿ, ನಮ್ಮವರು ಹೇಳುತ್ತಾರಲ್ಲ ಎಂದು ಹಲ್ಲು ಕಚ್ಚಿ ಕೂತೆ.

ಮಜ್ಮುದಾರ್ ಸಾಹೇಬರು ನಮ್ಮವರ ಕಡೆ ತಿರುಗಿದರು. "ಲಿಂಕ್ ತೆಗೆಯಲು ನಿಮಗೆ ಯಾರು ಹೇಳಿದರು?"

ನಮ್ಮವರು ಬಾಯಿ ತೆರೆದರು. ಅಷ್ಟರಲ್ಲಿ ರಾಯರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅವರ ಬೆನ್ನು ಸವರುತ್ತ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ ಶುರು ಮಾಡಿದರು.

"ಹರಿ, ನನ್ನ ಹೆಸರು ತಗದೀ ಅಂದ್ರ ಇಬ್ಬರೂ ಮುಳುಗ್ತೀವಿ. ನಾ ಹೆಂಗರ ಎದ್ದು ಬರ್ತೀನಿ, ನೀ ಬರಂಗಿಲ್ಲ. ನಿನ್ನ ಆಪರೇಷನ್ನಿನ ಕಾಗದ ನನ್ನ ಟೇಬಲ್ ಮ್ಯಾಲ ಅದ. ನಾ ಹೂಂ ಅಂದ್ರನ ಅದು ಮುಂದ ಹೋಗೂದು. ಕೈ ಬೇಕೋ ಬ್ಯಾಡೋ? ನಾನ ತಗದೆ ಅಂತ ಅನ್ನು, ಮುಗೀತು. ಅಹಮದಾಬಾದ್ ಆಫೀಸಿನಾಗ ಕುರ್ಚಿ ಹಾಕಿಸಿ ಕೊಡ್ತೀನಿ."

"ಏನದು, ಮಿಸ್ಟರ್ ರಾವ್?" ಎಂದರು ಮಜ್ಮುದಾರ್ ಸಾಹೇಬರು.

"ಹೆದರಬೇಡ, ಇದ್ದದ್ದು ಹೇಳು ಅಂದೆ ಸರ್. ಪಾಪ, ನಡುಗುತ್ತಿದ್ದಾನೆ."

ನಾನು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ಆದರೂ ನನ್ನ ಮುಖವನ್ನೊಮ್ಮೆ ನೋಡಬೇಕು ಅಂತ ಆ ಮನುಷ್ಯನಿಗೆ ಅನಿಸಲಿಲ್ಲ. ಅವರ ಲೆಕ್ಕದಲ್ಲಿ ನಾನು ಹೂರಣ ರುಬ್ಬುವವಳು. ಸ್ಟೂಲಿಗೂ ನನಗೂ ಅವರಿಗೆ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ಎದ್ದು ನಿಂತೆ. ನನಗೆ ಗೊತ್ತಿದ್ದ ಗುಜರಾತಿಯನ್ನೆಲ್ಲ ಒಟ್ಟುಗೂಡಿಸಿ, ಒಂದು ಅಕ್ಷರ ತಪ್ಪದಂತೆ, ರಾಯರು ಅಂದದ್ದನ್ನು ಅಂದ ಹಾಗೇ ಹೇಳಿದೆ. ಹೆಸರು ತೆಗೆದರೆ ಇಬ್ಬರೂ ಮುಳುಗುತ್ತೇವೆ ಅಂದದ್ದು, ಆಪರೇಷನ್ನಿನ ಕಾಗದ ಟೇಬಲ್ ಮೇಲಿದೆ ಅಂದದ್ದು, ಕೈ ಬೇಕೋ ಬೇಡವೋ ಅಂದದ್ದು, ಅಹಮದಾಬಾದಿನ ಕುರ್ಚಿ. ಆಮೇಲೆ ಮುಹೂರ್ತದ ದಿನ ಅಂದದ್ದನ್ನೂ ಹೇಳಿದೆ.

ಬರೆಯುತ್ತಿದ್ದವನ ಪೆನ್ನು ನಿಂತಿತು. ರಾಯರ ಮುಖ ನೋಡಬೇಕಿತ್ತು ನೀವು! ಸುಣ್ಣ ಬಳಿದ ಗೋಡೆಯಾಗಿತ್ತು. ಬಾಗಿಲ ಬಳಿ ನಿಂತಿದ್ದ ಠಾಕೋರಭಾಯಿ, "ಹಾಂ, ಹಾಂ," ಎಂದು ತಲೆಯಾಡಿಸತೊಡಗಿದ. ಮಜ್ಮುದಾರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೆನ್, ಇನ್ನೊಮ್ಮೆ ನಿಧಾನವಾಗಿ ಹೇಳಿ," ಎಂದು, ತಂಗಿಯನ್ನು ಕರೆದ ಹಾಗೆ, ಗುಜರಾತಿಯಲ್ಲೇ ಕೇಳಿದರು. ನಾನು ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಅವರು ನಂಬಿದ್ದರು. ನನ್ನ ಕಣ್ಣಾರೆ ನೋಡಿದೆ, ನಂಬಿದ್ದರು. ಗೆದ್ದೆವು ಅನಿಸಿತು. ಗೆದ್ದೆವು, ಕೈ ಉಳಿಯಿತು, ಬೊಂಬಾಯಿಗೆ ಯಾವತ್ತು ಹೊರಡುವುದು ಅಂತ ಯೋಚನೆಯೂ ಬಂದುಹೋಯಿತು.

ಅವರು ನಮ್ಮವರ ಕಡೆ ತಿರುಗಿದರು. "ನಿಮ್ಮ ಹೆಂಡತಿ ಹೇಳಿದ್ದು ನಿಜವೇ? ನೀವು ಹೌದು ಅಂದರೆ ನಾನು ಈಗಲೇ ಬರೆಸುತ್ತೇನೆ."

ನಮ್ಮವರು ನನ್ನನ್ನು ನೋಡಲಿಲ್ಲ. ರಾಯರನ್ನು ನೋಡಿದರು. ಆಮೇಲೆ ಬ್ಯಾಂಡೇಜು ಸುತ್ತಿದ ಎರಡು ಕೈಗಳನ್ನು ನೋಡಿಕೊಂಡು, ಹಿಂದಿಯಲ್ಲಿ ಹೇಳಿದರು.

"ಇಲ್ಲ ಸಾಹೇಬ್. ರಾವ್ ಸರ್ ಕೈ ಹೇಗಿದೆ ಅಂತ ಕೇಳಿದರು, ಧೈರ್ಯ ಹೇಳಿದರು. ಈ ಘಟನೆ ಆದಾಗಿನಿಂದ ನನ್ನ ಹೆಂಡತಿಯ ತಲೆ ಸರಿಯಿಲ್ಲ. ಆಕೆಗೆ ಗುಜರಾತಿಯೂ ಸರಿಯಾಗಿ ಬರುವುದಿಲ್ಲ, ತರಕಾರಿಯವರ ಹತ್ತಿರ ಕಲಿತದ್ದು. ಏನು ಹೇಳುತ್ತಿದ್ದಾಳೆ ಅಂತ ಆಕೆಗೇ ಗೊತ್ತಿಲ್ಲ. ಲಿಂಕ್ ನಾನೇ ತೆಗೆದೆ. ಯಾರೂ ಹೇಳಲಿಲ್ಲ."

ನಾನು ನಿಂತೇ ಇದ್ದೆ. ಕೂರಬೇಕೆಂಬುದು ಹೊಳೆಯಲಿಲ್ಲ. ಮಜ್ಮುದಾರ್ ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡು, "ಬೆನ್ ಕೂತ್ಕೊಳ್ಳಿ, ನೀರು ಕುಡಿಯಿರಿ," ಎಂದರು. ಹುಚ್ಚರ ಹತ್ತಿರ ಮಾತಾಡುವಷ್ಟು ಮೃದುವಾಗಿ ಅಂದರು. ಪೆನ್ನು ಮತ್ತೆ ಓಡತೊಡಗಿತು.

ಹೊರಗೆ ಬೆಂಚಿನ ಮೇಲೆ ಕೂತಾಗ ನಮ್ಮವರಿಗೆ ಎಲ್ಲಿಲ್ಲದ ಉತ್ಸಾಹ. "ನಿನಗ ತಿಳಿಯಂಗಿಲ್ಲ. ದೊಡ್ಡವರನ್ನ ಎದುರು ಹಾಕ್ಕೊಂಡು ಬದಕೂಕ ಆಗೂದಿಲ್ಲ. ರಾಯರು ಕೈ ಬಿಡಂಗಿಲ್ಲ, ನೋಡ್ತಿರು. ಅಹಮದಾಬಾದಿನಾಗ ಬೋಪಾಲ ಅನ್ನೂ ಬಡಾವಣಿ ಕಡೆ ಹೊಸಾ ಮನಿ ಭಾಳ ಆಗ್ಯಾವಂತ, ಬಾಡಗೀನೂ ಕಡಿಮಿ ಅಂತ," ಎಂದರು. ನಾನು ಎದುರಿನ ಗೋಡೆ ನೋಡುತ್ತಿದ್ದೆ. ನಿನ್ನಾಣೆ ಎಂದು ಯಾರಾದರೂ ಇನ್ನೊಮ್ಮೆ ನನ್ನ ಮೇಲೆ ಆಣೆ ಹಾಕಲಿ, ನಾಲಿಗೆ ಕಿತ್ತು ಕೈಗೆ ಕೊಡುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಊಟದ ಹೊತ್ತು ಕಳೆದ ಮೇಲೆ ಒಳಗೆ ಕರೆದರು. ಓದಿ ಹೇಳಿದರು. ತಪ್ಪನ್ನು ತಾನೇ ಒಪ್ಪಿಕೊಂಡಿದ್ದಾನೆ. ನಿಯಮ ಮೀರಿ ರಕ್ಷಣೆಯ ಲಿಂಕ್ ತೆಗೆದು ಕಂಪನಿಯ ಆಸ್ತಿ ಸುಟ್ಟಿದ್ದಾನೆ. ಇಂದಿನಿಂದಲೇ ವಜಾ. ಕ್ವಾರ್ಟರ್ಸು ಬಿಡಬೇಕು. ವಜಾ ಆದವರಿಗೆ ಕಂಪನಿ ಔಷಧೋಪಚಾರ ಕೊಡುವ ಪದ್ಧತಿ ಇಲ್ಲ. ನಮ್ಮವರು, "ರಾವ್ ಸರ್..." ಎಂದರು. ರಾಯರು ಬಗ್ಗಿ ತಮ್ಮ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದರು. ಆ ಜಿಪ್ಪು ಎಷ್ಟು ಹೊತ್ತಾದರೂ ಹಾಕಿಕೊಳ್ಳಲೊಲ್ಲದು.

ಮೆಟ್ಟಿಲ ಮೇಲೆ ರಾಯರು ಹಿಂದಿನಿಂದ ಬಂದು ಸೇರಿಕೊಂಡರು. "ಏನ್ ಮಾಡೂದು ಹರಿ, ಕಮಿಟಿ ಮುಂದ ನನ್ನ ಕೈಯಾಗ ಏನೂ ಉಳೀಲಿಲ್ಲ," ಎಂದರು.

"ಇರಲಿ ಬಿಡ್ರಿ," ಎಂದೆ ನಾನು. "ಕೈಯಾಗ ಏನೂ ಉಳೀದಿದ್ರ ಏನಾತು, ನಿಮಗ ಕೈ ಅರ ಉಳದಾವಲ್ಲ."

ರಾಯರು ಸರಸರ ಇಳಿದು ಕಾರು ಹತ್ತಿದರು. ನಮ್ಮವರು ನನ್ನನ್ನು ಗದರಿದರು. ಹೌದು, ಆಗಲೂ ನನ್ನನ್ನೇ ಗದರಿದರು! ಹಿರಿಯರ ಜೊತೆ ಹಾಗೆ ಮಾತಾಡಬಾರದಂತೆ.

ಸೂರತ್ತಿಗೆ ಹೋಗುವ ರೈಲಿನಲ್ಲಿ ಜಾಗ ಸಿಕ್ಕಿತು. ಕೈ ನೋಡಿ ಯಾರೋ ಎದ್ದು ಕೊಟ್ಟರು. ಮಧ್ಯಾಹ್ನದ ಬಿಸಿಲು, ಬೋಗಿ ಕಾದ ಹೆಂಚಾಗಿತ್ತು. ಎದುರಿಗೆ ಒಬ್ಬ ದಪ್ಪನೆಯ ಗುಜರಾತಿ ಹೆಂಗಸು ಬುತ್ತಿ ಬಿಚ್ಚಿಕೊಂಡು ಥೇಪ್ಲಾ ತಿನ್ನುತ್ತಿದ್ದಳು. ಭರೂಚ ದಾಟಿ ಸೇತುವೆ ಬಂತು. ಜನ ನರ್ಮದೆಗೆ ಚಿಲ್ಲರೆ ಕಾಸು ಎಸೆದು ಕೈಮುಗಿದರು. ನಮ್ಮವರು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು.

"ಜಯಂತಿ, ನೀರು."

ಬಾಟಲಿ ನನ್ನ ತೊಡೆಯ ಮೇಲೆಯೇ ಇತ್ತು. ನಾನು ಹೊರಗೆ ನೋಡುತ್ತ ಕೂತೆ.

"ಜಯಂತಿ, ನೀರು ಕುಡಸು. ಗಂಟಲಾ ಒಣಗೇದ."

ನಾನು ಅಲುಗಲಿಲ್ಲ. ಎದುರಿನ ಹೆಂಗಸು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಪಾಪ ಅನಿಸಿರಬೇಕು. ತನ್ನ ಲೋಟಕ್ಕೆ ನೀರು ಬಗ್ಗಿಸಿ ಮುಂದೆ ಚಾಚಿದಳು. ನಮ್ಮವರು ಕೊರಳು ಮುಂದೆ ಮಾಡಿದರು. ನಾನು ಲೋಟಕ್ಕೆ ಕೈ ಅಡ್ಡ ಹಿಡಿದು, ಗುಜರಾತಿಯಲ್ಲಿ, ತಡವರಿಸದೆ ಹೇಳಿದೆ: "ಬೇಡ ಬೆನ್. ಇವರಿಗೆ ಸಂಜೆಯವರೆಗೆ ಒಂದು ಹನಿಯೂ ಕೊಡಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಕೊಟ್ಟರೆ ವಾಂತಿಯಾಗುತ್ತದೆ."

"ಹೌದೇನಮ್ಮಾ, ಗೊತ್ತಿರಲಿಲ್ಲ," ಎಂದು ಆಕೆ ಲೋಟ ಹಿಂದಕ್ಕೆಳೆದುಕೊಂಡಳು. ಆ ನೀರನ್ನು ತಾನೇ ಕುಡಿದಳು.

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ಗುಜರಾತಿ ಅವರಿಗೂ ತಿಳಿಯುತ್ತದೆ.

"ಏನಂದೀ ಆಕಿಗೆ?" ಎಂದರು.

"ನನಗೇನ್ ಗೊತ್ತು? ನನಗ ಗುಜರಾತಿ ಸರಿಯಾಗಿ ಬರೂದಿಲ್ಲಲ್ರೀ."

"ಜಯಂತಿ..."

"ಬೇಕಂದ್ರ ನೀವ ಹೇಳ್ರಿ ಆಕಿಗೆ. ನನ್ನ ಹೆಂಡತಿ ಸುಳ್ಳು ಹೇಳ್ಯಾಳ, ಆಕಿ ತಲಿ ಸರಿ ಇಲ್ಲ, ನೀರು ಕೊಡ್ರಿ ಅಂತ ಹಿಂದಿಯೊಳಗ ಹೇಳ್ರಿ. ಮುಂಜಾನೆ ಅಷ್ಟು ಮಂದಿ ಮುಂದ ಹೇಳಿದ್ರಲ್ಲ, ಈಗ ಒಬ್ಬಾಕಿ ಮುಂದ ಹೇಳೂಕ ಏನ್ ಕಷ್ಟ?"

ಅವರು ಆ ಹೆಂಗಸಿನ ಕಡೆ ತಿರುಗಿದರು. ಬಾಯಿ ತೆರೆದರು. ಆಕೆಯೂ ಏನೋ ಹೇಳುತ್ತಾರೆಂದು ಕಾದಳು. ಅವರು ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ಅಂಕಲೇಶ್ವರ ಬಂತು, ಕೋಸಂಬಾ ಬಂತು. ಸೂರತ್ತು ಬರುವವರೆಗೆ ನಾನು ಬಾಟಲಿಯ ಮುಚ್ಚಳ ತೆರೆಯಲಿಲ್ಲ.